ಪೂರ್ವದ ಎಲ್ಲೆ

ಗೋಕಾಕ,
ಆಶ್ವಯುಜ ಶುದ್ಧ ತದಿಗೆ, ಬುಧವಾರ,
೨೪ ಸೆಪ್ಟೆಂಬರ್ ೨೦೨೫

ಸೌಭಾಗ್ಯವತಿ ತಾರಾಬಾಯಿಗೆ,

ಜಯ ಜಿನೇಂದ್ರ. ನಾನು ಕ್ಷೇಮದಿಂದಿದ್ದೇನೆ, ನೀನೂ ಹಾಗೆಯೇ ಇರುವೆಯೆಂದು ನಂಬಿದ್ದೇನೆ. ದಶಲಕ್ಷಣ ಪರ್ವದ ಉಪವಾಸಗಳಲ್ಲಿ ಇಳಿದುಹೋದ ಮೈ ಮತ್ತೆ ಕೊಂಚವಾದರೂ ತುಂಬಿಕೊಂಡಿದೆಯೇ? ನಸುಕಿನಲ್ಲಿ ತಣ್ಣೀರಿನಲ್ಲಿ ಮಿಂದು ಚಾತುರ್ಮಾಸಕ್ಕೆ ತಂಗಿರುವ ಸನ್ಯಾಸಿನಿ ಮಾತಾಜಿಯವರ ಆಹಾರದ ಅಡುಗೆಗೆ ನಿಲ್ಲುತ್ತೀಯೆಂದು ನಿನ್ನ ತಮ್ಮ ಭರತೇಶ ಹೇಳಿದ. ಸೇವೆಗೆ ನನ್ನ ಆಕ್ಷೇಪವಿಲ್ಲ. ಆದರೆ ಎಡಮೊಣಕಾಲಿಗೆ ಎಣ್ಣೆ ತಿಕ್ಕುವುದನ್ನು ಸೇವೆಯ ನೆಪದಲ್ಲಿ ಬಿಡಬೇಡ. ಹತ್ತರಗಿಯಲ್ಲಿ ನೀವು ಇಳಿದುಕೊಂಡಿರುವ ಮನೆ ಹೆದ್ದಾರಿಗೆ ತೀರ ಹತ್ತಿರವಂತೆ. ಹಗಲಿರುಳೂ ಲಾರಿಗಳ ಸದ್ದಿನಲ್ಲಿ ನಿನಗೆ ನಿದ್ರೆ ಹೇಗೆ ಬರುತ್ತದೆಯೋ ಕಾಣೆ. ಇಲ್ಲಿ ಗೋಡೆಗಡಿಯಾರದ ಸದ್ದಿಗೇ ಎದ್ದು ಕೂಡುತ್ತಿದ್ದೆಯಲ್ಲ.

ಚಾತುರ್ಮಾಸ ಮುಗಿಯುವವರೆಗೆ ದೂರವಾಣಿಯನ್ನು ಮುಟ್ಟುವುದಿಲ್ಲವೆಂಬ ನಿಯಮ ಹಿಡಿದು ನೀನು ಹೋದದ್ದರಿಂದ ನನಗೆ ಪತ್ರ ಬರೆಯುವ ಅವಕಾಶ ಮರಳಿ ದೊರೆತಿದೆ. ಅದನ್ನು ಕಂಡು ಆರತಿಗೆ ನಗೆ. “ಅತ್ತಿ ಫೋನ್ ಬಿಟ್ಟಿದ್ದು ನಿಮಗ ಹಬ್ಬ ಆಗೇತಿ ನೋಡ್ರಿ ಮಾಮಾ” ಎನ್ನುತ್ತಾಳೆ. ನಿನ್ನ ತಮ್ಮನ ಮಗಳು ನಮ್ಮ ಮನೆಯಲ್ಲಿ ಇಷ್ಟು ವರ್ಷ ಇದ್ದು, ಈಗ ಕಾಲೇಜಿನಲ್ಲಿ ಪಾಠ ಹೇಳುವಷ್ಟು ದೊಡ್ಡವಳಾದರೂ ಒಂದು ವಾಕ್ಯವನ್ನು ಇಡಿಯಾಗಿ ಕನ್ನಡದಲ್ಲಿ ಮುಗಿಸುವುದನ್ನು ಕಲಿಯಲಿಲ್ಲ. ಆದರೆ ನೀನಿಲ್ಲದ ಈ ದಿನಗಳಲ್ಲಿ ಕಾಲೇಜಿನಿಂದ ಓಡೋಡಿ ಬಂದು ಸೂರ್ಯ ಮುಳುಗುವುದರೊಳಗೆ ನನ್ನ ತಟ್ಟೆಗೆ ರೊಟ್ಟಿ ಬಡಿಸುತ್ತಿದ್ದಾಳೆ. ರೊಟ್ಟಿಯ ಅಂಚು ಸೀದಿರುತ್ತದೆ. ಸೀದುದನ್ನು ಕುರಿತು ನಾನು ಈವರೆಗೆ ಬಾಯಿ ಬಿಟ್ಟಿಲ್ಲ.

ಇನ್ನು ಜಪಾನು. ಕಾರ್ತಿಕದ ಕೊನೆಗೆ ಹೊರಡುವುದೆಂದು ನಾವು ಮೂವರೂ ಕೂಡಿ ನಿಶ್ಚಯಿಸಿದ ಮೇಲೆ ಈ ಮನೆಯಲ್ಲಿ ಬೇರೆ ಮಾತಿಲ್ಲ. ಎಲ್ಲರೂ ಪಾಸ್‌ಪೋರ್ಟು ಎನ್ನುವ ರಹದಾರಿಗಳು ನಮ್ಮಿಬ್ಬರಿಗೂ ಬಂದಿವೆ. ನಿನ್ನ ಭಾವಚಿತ್ರದಲ್ಲಿ ನೀನು ಯಾರನ್ನೋ ಬೈಯಲು ಹೊರಟಂತೆ ಕಾಣುತ್ತೀಯೆ. ನನ್ನದರಲ್ಲಿ ನಾನು ಬೈಸಿಕೊಂಡು ಬಂದಂತಿದ್ದೇನೆ. ಜಪಾನಿನ ಪ್ರವೇಶಾನುಮತಿಯ ಅರ್ಜಿಗಾಗಿ ಆರತಿ ನನ್ನನ್ನು ಬೆಳಗಾವಿಗೆ ಕರೆದೊಯ್ದಿದ್ದಳು. ಅಲ್ಲಿಯ ಪ್ರವಾಸ ಕಚೇರಿಯ ಹುಡುಗಿ ಹೋಗುವ ಉದ್ದೇಶವೇನೆಂದು ಕೇಳಿದಾಗ ‘ದೇಶಾಟನೆ’ ಎಂದೆ. ಅವಳು ಆರತಿಯ ಮುಖ ನೋಡಿದಳು. ಹೊರಗೆ ಬಂದ ಮೇಲೆ ನಿನ್ನ ಸೊಸೆ ಆಡಿದ ಮಾತನ್ನು ಕೇಳು: “ಮಾಮಾ, ಇಷ್ಟ ಶುದ್ಧ ಮಾತಾಡಿದ್ರ ಅವರು ನಿಮ್ಮನ್ನ ಪರದೇಶದವರು ಅಂತ ತಿಳಕೊತಾರ.” ಸಬ್‌ರಿಜಿಸ್ಟ್ರಾರ್ ಕಚೇರಿಯ ಕಟ್ಟೆಯ ಮೇಲೆ ಕುಳಿತು ಬದುಕೆಲ್ಲ ಕ್ರಯಪತ್ರ, ಆಸ್ತಿ ಹಂಚಿಕೆಯ ವಾಟಣಿಪತ್ರಗಳನ್ನು ತಪ್ಪಿಲ್ಲದೆ ಬರೆದವನಿಗೆ ಈಗ ಈ ಮನ್ನಣೆ.

ಪ್ರವಾಸದ ಕ್ರಮವನ್ನು ಅವಳು ಮೊದಲು ತಾನೇ ಮಾಡಿದ್ದಳು. ಟೋಕಿಯೋದಲ್ಲಿ ಇಳಿದು, ಕ್ಯೋಟೋ, ನಾರಾ, ಒಸಾಕಾ, ಹಿರೋಶಿಮಾ ನಗರಗಳನ್ನು ನೋಡಿ ಮರಳುವುದು. ನೋಡಲು ಸೊಗಸಾಗಿಯೇ ಇತ್ತು. ಆದರೆ ಪ್ರತಿದಿನವೂ ಊಟ ದೀಪ ಹಚ್ಚಿದ ಮೇಲೆ! ಸಂಜೆಯ ಪೇಟೆ, ನದೀತೀರದ ದೀಪಗಳು, ಅಲ್ಲಿಯೇ ಭೋಜನ. ಸೂರ್ಯಾಸ್ತದ ಅನಂತರ ಅನ್ನ ಮುಟ್ಟದ ಇಬ್ಬರು ಮುದುಕರು ಜೊತೆಗಿದ್ದಾರೆಂಬುದನ್ನೇ ಈ ಜೈನರ ಮನೆಯ ಕೂಸು ಮರೆತಿತ್ತು. ಆ ದೇಶದಲ್ಲಿ, ಆ ಋತುವಿನಲ್ಲಿ, ನಮ್ಮಲ್ಲಿ ಮಧ್ಯಾಹ್ನದ ಚಹಾದ ಹೊತ್ತು ಕಳೆಯುವುದರೊಳಗೆ ಸೂರ್ಯ ಮುಳುಗಿಬಿಡುತ್ತಾನೆ. ಆದ್ದರಿಂದ ಇಡೀ ಕ್ರಮವನ್ನು ಹೊತ್ತಿಗೆ ಹೊಂದಿಸಿ ನಾನೇ ಹೊಸದಾಗಿ ಬರೆದೆ. ಬೆಳಗ್ಗೆ ಬೇಗ ಹೊರಡುವುದು, ನಡುಹಗಲಿಗೆ ಒಂದು ಊಟ, ಬೆಳಕಿರುವಾಗಲೇ ವಸತಿಗೆ ಮರಳಿ ಇನ್ನೊಂದು. ಅಲ್ಲಿಯ ಸಾರುಗಳಿಗೆಲ್ಲ ಮೀನಿನ ರಸ ಬೆರೆಸುತ್ತಾರಂತೆ. ಗೆಡ್ಡೆಗೆಣಸಿಲ್ಲದ ಪಲ್ಯವಂತೂ ಸಿಗದಂತೆ. ಅದಕ್ಕಾಗಿ ಒಲೆಯುಳ್ಳ ಕೋಣೆಗಳನ್ನೇ ಹುಡುಕಿಸಿದೆ. ಒಣಗಿಸಿದ ಕಟಕಲು ರೊಟ್ಟಿ, ಅವಲಕ್ಕಿ, ಹೆಸರುಬೇಳೆ ಎಂದು ಒಯ್ಯಬೇಕಾದ ಸಾಮಾನುಗಳನ್ನು ಹೇಳುತ್ತ ಹೋದರೆ, ಆರತಿ “ಮಾಮಾ, ನಾವು ಜಪಾನ ನೋಡಾಕ ಹೊಂಟೇವೋ, ಅಲ್ಲಿ ಖಾನಾವಳಿ ಹಾಕಾಕೋ” ಎಂದು ತಲೆಯ ಮೇಲೆ ಕೈ ಹೊತ್ತಳು. ಒಂದು ನಗರವನ್ನು ಸರಿಪಡಿಸಿದರೆ ಇನ್ನೊಂದು ನಗರ ಕೆಡುತ್ತದೆ. ರೈಲಿನ ಹೊತ್ತು ಕೂಡಿದರೆ ಊಟದ ಹೊತ್ತು ಕೂಡದು. ತಾರಾ, ನಿಜ ಹೇಳುತ್ತೇನೆ, ನಾನು ದಣಿದಿದ್ದೇನೆ. ಮನೆಯ ಮೆಟ್ಟಿಲ ಮೇಲೆ ಕುಳಿತರೆ ನನ್ನ ಮೊಣಕಾಲೂ ಏಳಗೊಡುವುದಿಲ್ಲ. ವಿಮಾನದಲ್ಲಿ ಅಷ್ಟು ಹೊತ್ತು ಹೇಗೆ ಕೂಡುವೆನೋ ಎಂಬ ಚಿಂತೆ ಉಣ್ಣುವಾಗಲೂ ಬಿಡದು.

ಇದರ ನಡುವೆ ಮೊನ್ನೆ ಭರತೇಶ ಬಂದ. ನಿನ್ನನ್ನು ಕಂಡು ಹತ್ತರಗಿಯಿಂದ ಮೂಡಲಗಿಗೆ ಮರಳುವವನು ದಾರಿಯಲ್ಲಿ ಇಲ್ಲಿ ಇಳಿದಿದ್ದ. ಚಪ್ಪಲಿ ಕಳೆಯುತ್ತಲೇ ಹೇಳಿದ: “ದಾಜಿ, ಅಕ್ಕ ದಿಗ್ವ್ರತ ತಗೋತಾಳಂತ. ಅದರ ಎಲ್ಲೆ ಬರದು ಕೊಡಾಕ ನಿಮಗ ಹೇಳ್ಯಾಳ್ರಿ.” ಆಮೇಲೆ ಬಿಡಿಸಿ ಹೇಳಿದ: ಬದುಕಿರುವವರೆಗೆ ದಾಟಲಾರದ ಗಡಿಗಳನ್ನು ಒಂದೊಂದು ದಿಕ್ಕಿಗೂ ಗೊತ್ತುಮಾಡಿಕೊಳ್ಳಬೇಕು, ದಕ್ಷಿಣಕ್ಕೆ ಶ್ರವಣಬೆಳಗೊಳ, ಪಶ್ಚಿಮಕ್ಕೆ ಗಿರಿನಾರ, ಉತ್ತರಕ್ಕೆ ಹಸ್ತಿನಾಪುರ, ಪೂರ್ವಕ್ಕೆ ಸಮ್ಮೇದ ಶಿಖರ. ಹೊಲಮನೆಗಳ ಚತುಸ್ಸೀಮೆಯನ್ನು ಬರೆದು ಪಳಗಿದ ಕೈ ನನ್ನದಾದ್ದರಿಂದ, ಮಾತಾಜಿಯವರ ಮುಂದೆ ಓದಲು ಒಂದು ಶುದ್ಧ ಬರಹ ಬೇಕೆಂದು ನೀನು ಕೇಳಿದ್ದೀಯೆ. ವ್ರತವನ್ನು ದೀಪಾವಳಿಗೆ ಸ್ವೀಕರಿಸುವೆಯಂತೆ. ಅಂದರೆ ಜಪಾನಿಗೆ ಹೊರಡುವ ಮೊದಲೇ. ಶಿಖರಜಿಯ ಆಚೆಗೆ ಒಂದು ಹೆಜ್ಜೆಯೂ ಇಲ್ಲ.

ನಿನಗೆ ಜಪಾನು ಹೇಗೆ ಹಿಡಿಯಿತೆಂಬುದನ್ನು ನಾನು ಮರೆತಿಲ್ಲ. ಕಳೆದ ಚಳಿಗಾಲದಲ್ಲಿ ಆರತಿ ತನ್ನ ಫೋನಿನಲ್ಲಿ ನಾರಾ ನಗರದ ಜಿಂಕೆಗಳನ್ನು ತೋರಿಸಿದಳು. ಅವು ರಸ್ತೆ ದಾಟುತ್ತಿದ್ದವು, ಗಾಡಿಗಳು ನಿಂತು ದಾರಿ ಬಿಡುತ್ತಿದ್ದವು, ಒಂದು ಮರಿ ಅಂಗಡಿಯ ಬಾಗಿಲಿಗೆ ಹೋಗಿ ತಲೆ ಬಾಗಿಸಿ ತಿನಿಸು ಬೇಡುತ್ತಿತ್ತು. ಸೋಸುತ್ತಿದ್ದ ಜೋಳದ ಹಿಟ್ಟಿನ ಜರಡಿಯನ್ನು ಹಾಗೆಯೇ ಹಿಡಿದು ನೀನು ಬಹಳ ಹೊತ್ತು ನೋಡಿದೆ. ಆಮೇಲೆ ನನ್ನತ್ತ ತಿರುಗಿ, “ಊರ ನಡಬರಕ ಜಿಂಕಿ ಅಡ್ಡಾಡತಾವ, ಯಾರೂ ಕಲ್ಲ ಒಗ್ಯಾಂಗಿಲ್ಲ. ಅಂಥಾ ಊರು ಒಮ್ಮೆ ಕಣ್ಣಲೆ ನೋಡಬೇಕ್ರಿ” ಎಂದೆ. ನಮ್ಮ ಮದುವೆಯಾದಂದಿನಿಂದ ನೀನು ನನ್ನ ಹತ್ತಿರ ಬೇಕೆಂದು ಬಾಯಿ ಬಿಟ್ಟು ಕೇಳಿದ್ದು ಅದೊಂದೇ. ಉಳಿದೆಲ್ಲವನ್ನೂ ಬೇಡ, ಸಾಕು, ಇರಲಿ ಎಂಬ ಮೂರು ಮಾತುಗಳಲ್ಲಿಯೇ ನಡೆಸಿದವಳು ನೀನು.

ಅಂಥವಳಿಗೆ ಈಗ ಏಕೆ ಈ ಎಲ್ಲೆ ಎಂದು ಭರತೇಶನನ್ನು ಕೇಳಿದೆ. ಅವನು ಮಜ್ಜಿಗೆಯ ಲೋಟವನ್ನು ತಿರುಗಿಸುತ್ತ ಕುಳಿತ. ಎರಡನೆಯ ಸಲ ಕೇಳಿದ ಮೇಲೆ ನಿನ್ನ ಮಾತನ್ನು ನಿನ್ನ ದನಿಯಲ್ಲಿಯೇ ಒಪ್ಪಿಸಿದ: “ಅವರು ದಣದಾರ ತಮ್ಮಾ. ನನ್ನ ಸಲುವಾಗಿ ಇಲ್ಲ ಅನ್ನಾಕ ಬರವೊಲ್ದು ಅವರಿಗೆ. ನಾ ಎಲ್ಲೆ ಹಾಕ್ಕೊಂಡ್ರ ಅವರು ಪಾರಾಗತಾರ.” ಆಷಾಢದಲ್ಲಿ ನೀನು ಹೊರಡುವ ಹಿಂದಿನ ದಿನ ಜಗಲಿಯಲ್ಲಿ ಕುಳಿತು ನಾನು ಭರತೇಶನಿಗೆ ಈ ಪ್ರವಾಸದ ಗೊಡವೆ ಸಾಕಾಯಿತು ಎಂದದ್ದು ಒಳಗಿನವರೆಗೆ ಕೇಳಿತ್ತೆಂದು ಆಗ ತಿಳಿಯಿತು.

ಸಾಕಾಯಿತು ಎಂದದ್ದು ನಿಜ. ಇಂದೂ ಸಾಕಾಗಿದೆ. ಆದರೆ ಸಾಕಾಗುವುದು ಒಂದು, ಒಲ್ಲದಿರುವುದು ಬೇರೊಂದು. ಈ ಊರಿನ ಅಗಸೆಬಾಗಿಲಿನಿಂದ ಮನೆಗೆ ನಡೆದು ಬರುವುದೂ ನನಗೆ ಸಾಕಾಗುತ್ತದೆ. ಹಾಗೆಂದು ಅಗಸೆಯಲ್ಲಿಯೇ ಉಳಿದೆನೇ? ನನಗೆ ಜಪಾನಿನ ಗೋಪುರಗಳೂ ಬೇಕಿಲ್ಲ, ವೇಗದ ರೈಲೂ ಬೇಕಿಲ್ಲ. ಕೈಯಲ್ಲಿ ತಿನಿಸು ಹಿಡಿದ ನಿನ್ನ ಮುಂದೆ ಜಿಂಕೆಯೊಂದು ತಲೆ ಬಾಗಿಸಿದಾಗ ನೀನು ತಿರುಗಿ ಯಾರನ್ನಾದರೂ ನೋಡುತ್ತೀಯಲ್ಲ, ಆಗ ಅಲ್ಲಿ ನಾನಿರಬೇಕು. ಅಷ್ಟೇ ನನ್ನ ಪ್ರವಾಸ.

ನೀನು ಬರೆದುಕೊಡೆಂದ ಎಲ್ಲೆಯನ್ನು ಬರೆಯಲು ನಿನ್ನೆ ಕುಳಿತೆ, ಕೈ ಸಾಗಲಿಲ್ಲ. ಕುಲಗೋಡದ ಕಾಡವ್ವನ ಸಂಗತಿಯನ್ನು ನಿನಗೆ ಹೇಳಿದ್ದೆ, ನೆನಪಿದೆಯೇ? ಹೊಲದಲ್ಲಿಯ ತನ್ನ ಪಾಲನ್ನು ಅಣ್ಣ ಉದ್ದಪ್ಪನಿಗೆ ಬಿಟ್ಟುಕೊಡುವ ಪತ್ರ ಬರೆಸಲು ಬಂದಿದ್ದಳು. ‘ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ’ ಎಂಬ ಸಾಲಿಗೆ ಬಂದಾಗ, ನನ್ನ ರೂಢಿಯಂತೆ ಲೇಖನಿ ನಿಲ್ಲಿಸಿ, ಇದು ನಿಜವೇ ತಾಯೀ ಎಂದು ಕೇಳಿದೆ. ಅವಳು, “ಅಣ್ಣನ ಮಾರಿ ಸಣ್ಣ ಆಗೇತ್ರಿ, ಅದಕ್ಕ ಬಿಡಾಕತ್ತೇನಿ” ಎಂದಳು. ಹಾಗಿದ್ದರೆ ಆ ಸಾಲನ್ನು ನಾನು ಬರೆಯಲಾರೆನೆಂದೆ. ಉದ್ದಪ್ಪ ಸಿಟ್ಟಿನಿಂದ, “ನೀವು ಬರ್ಯಾವ್ರೋ, ಕೇಳಾವ್ರೋ” ಎಂದು ಪಕ್ಕದ ಬರಹಗಾರನ ಮೇಜಿಗೆ ಹೋದ. ಕಾಡವ್ವ ಅವನ ಹಿಂದೆ ಹೋಗಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಬಸ್ಸಿನ ನಿಲ್ದಾಣಕ್ಕೆ ನಡೆದುಬಿಟ್ಟಳು. ಕುಲಗೋಡದ ಕಾಡವ್ವನಿಗೆ ಕೇಳಿದ್ದನ್ನು ನನ್ನ ಮನೆಯವಳಿಗೆ ಕೇಳದೆ ಹೇಗೆ ಬರೆಯಲಿ? ನೀನು ಈ ವ್ರತವನ್ನು ನಿನ್ನ ಆತ್ಮಕ್ಕಾಗಿ ಸ್ವೀಕರಿಸುವೆಯೋ, ನನ್ನ ಮೊಣಕಾಲಿಗಾಗಿ ಸ್ವೀಕರಿಸುವೆಯೋ? ಮೊದಲನೆಯದಾದರೆ ನನ್ನ ಬಾಯಿಂದ ಒಂದು ಎದುರುಮಾತೂ ಬಾರದು. ಎಲ್ಲ ನಗರಗಳನ್ನೂ ಅಳಿಸಿಹಾಕಿ ನಿನ್ನೊಡನೆ ಶಿಖರಜಿಯ ಬೆಟ್ಟ ಹತ್ತುತ್ತೇನೆ. ಎರಡನೆಯದಾದರೆ, ಬದುಕಿರುವವರೆಗಿನ ವ್ರತಕ್ಕೆ ನನ್ನ ಮೊಣಕಾಲು ಬಹಳ ಸಣ್ಣ ಕಾರಣ. ನಿನ್ನ ಉತ್ತರ ಬಂದ ಮೇಲೆಯೇ ಲೇಖನಿ ಹಿಡಿಯುತ್ತೇನೆ. ಅಲ್ಲಿಯವರೆಗೆ ಟಿಕೆಟ್ಟುಗಳನ್ನು ನಿಲ್ಲಿಸೆಂದು ಆರತಿಗೆ ಹೇಳಿದ್ದೇನೆ. ಅವಳು ಮುಖ ಊದಿಸಿಕೊಂಡು ಒಳಗೆ ಹೋದವಳು ಇನ್ನೂ ಹೊರಗೆ ಬಂದಿಲ್ಲ.

ಮಾತಾಜಿಯವರಿಗೆ ನನ್ನ ವಂದನೆಗಳನ್ನು ತಿಳಿಸು. ಜೊತೆಯಲ್ಲಿ ಸೇವೆಗೆ ನಿಂತಿರುವ ತಾಯಂದಿರಿಗೂ ಕ್ಷೇಮ ಕೇಳಿದೆನೆಂದು ಹೇಳು. ಸಂಜೆಗಳಲ್ಲಿ ತಂಪು ಹೆಚ್ಚುತ್ತಿದೆ. ಶಾಲನ್ನು ಭರತೇಶನ ಕೈಯಲ್ಲಿ ಕಳುಹಿಸುತ್ತಿದ್ದೇನೆ. ನಿನ್ನ ದೇಹಕ್ಕೂ ಮನಸ್ಸಿಗೂ ನೆಮ್ಮದಿಯಿರಲೆಂದು ಹರಸುವ,

ಧನ್ಯಕುಮಾರ

ಮರೆತ ಮಾತು: ಪತ್ರವನ್ನು ಒಯ್ಯಲು ಬಂದ ಭರತೇಶ ಹೊಸ ಸುದ್ದಿ ತಂದಿದ್ದಾನೆ. ವ್ರತ ದೀಪಾವಳಿಗಲ್ಲ, ಬರುವ ಭಾನುವಾರವೇ ಎಂದು ಮಾತಾಜಿಯವರು ಅಪ್ಪಣೆ ಕೊಡಿಸಿದ್ದಾರಂತೆ. ನಿನ್ನ ಉತ್ತರ ಬಂದು ಸೇರಲು ಹೊತ್ತಿಲ್ಲ. ಅವನು ಬೈಕನ್ನೂ ಆರಿಸದೆ ಹೊರಗೆ ನಿಂತಿದ್ದಾನೆ, ಅಕ್ಷರ ಓಡಿದ್ದರೆ ಕ್ಷಮಿಸು. ಎಲ್ಲೆಗಳ ಬರಹವನ್ನು ಇದರೊಡನೆ ಇಟ್ಟಿದ್ದೇನೆ. ದಕ್ಷಿಣಕ್ಕೆ ನೀನು ಹೇಳಿದ ಬೆಳಗೊಳವನ್ನೇ ಬರೆದಿದ್ದೇನೆ. ಸಿಂಗಪುರದ ಮೇಲೆ ಹೋಗುವ ವಿಮಾನ ಅದನ್ನು ಮೀರುತ್ತದೆ, ಬ್ಯಾಂಕಾಕಿನ ಮೇಲಿನದು ಮೀರುವುದಿಲ್ಲ. ಪಶ್ಚಿಮಕ್ಕೆ ಗಿರಿನಾರವೇ ಇರಲಿ. ಉತ್ತರಕ್ಕೆ ಮಾತ್ರ ಹಸ್ತಿನಾಪುರದ ಬದಲು ಹಿಮಾಲಯ ಎಂದಿಟ್ಟೆ, ಏಕೆಂದರೆ ನಾರಾ ಹಸ್ತಿನಾಪುರಕ್ಕಿಂತ ಬಡಗಲಿಗಿದೆ. ವ್ರತದಲ್ಲಿ ಮೇಲೂ ಕೆಳಗೂ ದಿಕ್ಕುಗಳೇ ಆದ್ದರಿಂದ, ಮೇಲಕ್ಕೆ ವಿಮಾನ ಹಾರುವಷ್ಟು ಎತ್ತರ, ಕೆಳಕ್ಕೆ ನೆಲದೊಳಗಿನ ರೈಲು ಓಡುವಷ್ಟು ಆಳ. ಟೋಕಿಯೋ ನಾರಾದಿಂದ ಪೂರ್ವಕ್ಕೆ ಬಹಳ ದೂರವಿರುವುದರಿಂದ ಆ ನಗರವನ್ನು ಪ್ರವಾಸದಿಂದ ಕೈಬಿಟ್ಟು, ಒಸಾಕಾದಲ್ಲಿಯೇ ಇಳಿಯುವುದೆಂದು ಬರೆದಿದ್ದೇನೆ. ಆರತಿಯ ಊದಿದ ಮುಖ ಇದಕ್ಕೆ ಇನ್ನಷ್ಟು ಊದೀತು. ಪೂರ್ವಕ್ಕೆ ಎಂದು ಬರೆದು ಮುಂದೆ ಏನನ್ನೂ ಬರೆದಿಲ್ಲ. ಅದನ್ನು ನಿನ್ನ ಕೈಯಾರೆ ನೀನೇ ತುಂಬು. ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ನಿನ್ನ ಮಗ್ಗುಲಲ್ಲಿ ನಿಂತು, ನೀನು ಬರೆದ ಎಲ್ಲೆಗಳನ್ನೇ ಓದಿ, ಅದೇ ವ್ರತವನ್ನು ನಾನೂ ಸ್ವೀಕರಿಸುತ್ತೇನೆ. ನನ್ನನ್ನು ಪಾರುಮಾಡುವ ಯೋಚನೆಯನ್ನು ಬಿಡು. ಶಿಖರಜಿ ಎಂದು ಬರೆ, ನಾರಾ ಎಂದು ಬರೆ. ಯಾವ ಊರನ್ನು ಬರೆದರೂ ಅದರ ಈಚೆಗೆ ನಾವಿಬ್ಬರೂ ಇರುತ್ತೇವೆ.