ಮಂಗಳವಾರದ ಚಾಪೆ ಸುತ್ತಿಸಿದವರಿಗೆ

ಶಹಾಬಾದ್, ಆಗಸ್ಟ್ 1974

ಹೆರಿಗೆ ಕೇಂದ್ರಗಳ ಮೇಲಧಿಕಾರಿಗಳೇ,

ನಾನು ಅಖ್ತರ ಬೇಗಂ. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಮೂರು ಗಣಿಗಳಿರುವ ಮನೆಯ ಹಿರಿಯಳು. ನಿಜಾಮರ ಕಾಲದಲ್ಲಿ ಉರ್ದುವಿನಲ್ಲಿ ಮೆಟ್ರಿಕ್‌ವರೆಗೆ ಓದಿದೆ. ಕನ್ನಡವನ್ನು ಮಕ್ಕಳ ಪುಸ್ತಕ ನೋಡಿ ಕಲಿತೆ. ನನ್ನನ್ನು ಕೇಳದೆ ನಮ್ಮ ಮನೆಯಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಅಂಥವಳು ಮನೆಯ ಗುಟ್ಟನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ನೀವು ಬಸುರಿಯರ ಮಂಗಳವಾರದ ವ್ಯಾಯಾಮ ನಿಲ್ಲಿಸಿದಿರಿ. ನಮ್ಮ ಮನೆಯ ಕೂಸು ಉಳಿಯಲಿಲ್ಲ.

ನನ್ನ ಸೊಸೆ ಲತೀಫಾಳಿಗೆ ನಾಲ್ಕು ತಿಂಗಳಾದಾಗ, ಕೆಮ್ಮಿದರೆ, ಕೊಡ ಎತ್ತಿದರೆ ಮೂತ್ರ ಸೋರತೊಡಗಿತು. ನಮ್ಮೂರ ಹೆರಿಗೆ ಕೇಂದ್ರದ ನರ್ಸ್ ಸುಂದರಮ್ಮ ಮಂಗಳವಾರ ಇಂಥವರನ್ನು ಚಾಪೆಯ ಮೇಲೆ ಕೂರಿಸಿ ಕಲಿಸುತ್ತಿದ್ದಳು. "ಮೂತ್ರ ತಡದಂಗ ಒಳಗ ಬಿಗಿ ಹಿಡೀರಿ. ಐದು ಎಣಿಸಿ ಬಿಡ್ರಿ. ಉಸಿರು ಕಟ್ಟಬ್ಯಾಡ್ರಿ." ಕಲ್ಲು ಹೊರುವ ಲಾಲಮ್ಮ, "ಯಕ್ಕಾ, ನಗಸಬ್ಯಾಡ, ನಕ್ಕರ ಇಲ್ಲೇ ಹಳ್ಳ ಹರೀತದ!" ಎನ್ನುವಳಂತೆ. ಆರು ವಾರಕ್ಕೆ ಸೋರುವುದು ನಿಂತು ಲತೀಫಾಳ ಮುಖ ತಿಳಿಯಾಯಿತು.

ಆಗ ನಿಮ್ಮ ಆದೇಶ ಕೇಂದ್ರದ ಬಾಗಿಲಿಗೆ ಅಂಟಿತು: ಹೆಂಗಸರಿಂದ ಅಸಭ್ಯ ಕವಾಯತು ಮಾಡಿಸುತ್ತಿರುವ ಬಗ್ಗೆ ದೂರು ಬಂದಿದೆ. ಸುಂದರಮ್ಮನಿಗೆ ಚಿಂಚೋಳಿಗೆ ವರ್ಗ. ಸೀರೆ ಒದ್ದೆಯಾಗುವುದು ಸಭ್ಯ, ಅದನ್ನು ತಡೆಯಲು ಕಲಿಯುವುದು ಅಸಭ್ಯ. ಇದನ್ನು ಯಾವ ಶಾಲೆಯಲ್ಲಿ ಓದಿದಿರಿ? ದೂರು ಕೊಟ್ಟ ಮಹಾಶಯ ಎಂದಾದರೂ ಬಸುರಾಗಿದ್ದನೇ? ಅಸಭ್ಯ ಎಂಬ ಆ ಒಂದು ಪದಕ್ಕೆ ನಾಚಿ ಲತೀಫಾ ಮನೆಯಲ್ಲೂ ವ್ಯಾಯಾಮ ಬಿಟ್ಟಳು. ಸರ್ಕಾರದ ಮಾತೆಂದು ನಾನೂ ಸುಮ್ಮನಾದೆ.

ಸೋರುವುದು ಮರಳಿತು. ಒಂದು ಹನಿ ಜಾರಿದರೂ ನಮಾಜಿನ ವಜೂ ಮುರಿಯುತ್ತದೆ. ಮತ್ತೆ ಕೈ, ಮುಖ, ಕಾಲು ತೊಳೆಯಬೇಕು. ಒಂದು ಮಧ್ಯಾಹ್ನ ನಾನೇ ಅಂದೆ: "ಎಷ್ಟು ಸಲ ವಜೂ ಮಾಡ್ತಿ ಬೇಟಿ? ಬಾವಿ ಬತ್ತಸ್ತಿ ಏನು?" ಅಂದಿನಿಂದ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಹನಿಯೇ ಇಲ್ಲದಿದ್ದರೆ ಸೋರುವುದೇನು ಎಂಬ ಲೆಕ್ಕ ಅವಳದು. ಮೇ ತಿಂಗಳು, ಕಲ್ಲು ಸಿಡಿಯುವ ಬಿಸಿಲು. ಕೆಲವೇ ದಿನಗಳಲ್ಲಿ ಉರಿಮೂತ್ರ, ಚಳಿಜ್ವರ, ಏಳು ತಿಂಗಳಿಗೇ ಹೆರಿಗೆ. ಬೆಳಗ್ಗೆ ಹುಟ್ಟಿದ ಗಂಡು ಕೂಸು ಇಳಿಹೊತ್ತಿನ ಅಸರ್ ನಮಾಜಿನ ವೇಳೆಗೆ ಉಸಿರು ನಿಲ್ಲಿಸಿತು.

ನನ್ನ ಪಾಲಿನ ತಪ್ಪನ್ನು ನಾನು ಹೊರುತ್ತೇನೆ. ನಿಮ್ಮ ಪಾಲು ಯಾವ ಕಡತದಲ್ಲಿದೆ? ಆದೇಶವನ್ನು ಹಿಂತೆಗೆದುಕೊಳ್ಳಿ, ಹಾಗೆಂದು ಅದೇ ಬಾಗಿಲಿಗೆ ಅಂಟಿಸಿ, ಸುಂದರಮ್ಮನನ್ನು ಮರಳಿ ಕಳಿಸಿ.

ಬರೆಯಲೇ ಎಂದು ಲತೀಫಾಳನ್ನು ಕೇಳಿದೆ. "ಹೆಸರು ಹಾಕೇ ಬರೀರಿ ಅಮ್ಮೀ," ಎಂದಳು.

ನಿಮ್ಮ ಉತ್ತರಕ್ಕೆ ನಾನು ಕಾದಿಲ್ಲ. ಗಂಡಸರು ಕೂರುತ್ತಿದ್ದ ದಿವಾನಖಾನೆಯನ್ನು ಖಾಲಿ ಮಾಡಿಸಿದ್ದೇನೆ. ಮೂರು ಮಂಗಳವಾರಗಳಿಂದ ಅಲ್ಲಿ ಚಾಪೆ ಹಾಸಿದೆ; ತಾನು ಕಲಿತದ್ದನ್ನು ಲತೀಫಾ ಕಲಿಸುತ್ತಾಳೆ. ಬಂದವರಿಗೆ ಮೊದಲು ಒಂದು ತಂಬಿಗೆ ನೀರು. ಅವರು ಕುಡಿದು ಮುಗಿಸುವವರೆಗೂ ನಾನು ಎದುರಿಗೆ ನಿಂತಿರುತ್ತೇನೆ.

ಇಂತಿ,
ಸೊಸೆಯ ಬಾಯಾರಿಕೆ ಕಾಣದೆ ಹೋದ ಅತ್ತೆ,
ಅಖ್ತರ ಬೇಗಂ