ಬರೀ ನಲವತ್ತು ನಿಮಿಷ

ಅಣ್ಣ,

ಅಕ್ಕನ ಊರಿಗೆ ಬೆಳಗಿನ ವಿಮಾನದಲ್ಲಿ ಹೊರಟಿದ್ದೇನೆ. ಅದರಲ್ಲಿ ಒಂದೇ ಸೀಟು ಉಳಿದಿತ್ತು. ನಿನ್ನದು ಮೂರು ಗಂಟೆಯದು, ಟಿಕೆಟ್ ನಿನ್ನ ಕನ್ನಡಕದ ಡಬ್ಬಿಯ ಕೆಳಗಿದೆ. ಬೆನ್ನುನೋವಿನ ಮಾತ್ರೆಯನ್ನು ಊಟವಾದ ಮೇಲೆ ತೆಗೆದುಕೋ.

ಎದುರಿಗೆ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಚೀಟಿ. ಎರಡು ವರ್ಷದ ಹಿಂದೆ ನೀನು ಅಕ್ಕನನ್ನು ನೋಡಲು ಹೊರಟಾಗ ತಡೆದವಳು ನಾನು. ಹೊರಡುವುದು ಹತ್ತೂ ಇಪ್ಪತ್ತು, ತಲುಪುವುದು ಹನ್ನೆರಡು ಎಂದು ಟಿಕೆಟ್ಟಿನಲ್ಲಿತ್ತು. ನಾನು ಕಳೆದು ನೋಡಿ, ಆ ಬೆನ್ನಿಟ್ಟುಕೊಂಡು ಒಂದು ಗಂಟೆ ನಲವತ್ತು ನಿಮಿಷ ಕೂರಲು ಆಗದು ಎಂದೆ. "ಸಂಜೆ ಕ್ಲಾಸಿಗೆ ಹೋಗಿ ಓದಿದವಳು ನೀನು, ನೀನು ಹೇಳಿದ್ಮೇಲೆ ಮುಗೀತು ಬಿಡು" ಎಂದು ನೀನು ನಕ್ಕು, ಕಟ್ಟಿದ್ದ ಚೀಲ ಬಿಚ್ಚಿದೆ.

ನಿನ್ನೆ ಟಿಕೆಟ್ ಕೌಂಟರಿನ ಹೆಂಗಸು ಹೇಳಿದಳು: "ನೂರ ಎಂಬತ್ತು ಕಿಲೋಮೀಟರ್ ಕಣಮ್ಮ, ಬರೀ ನಲವತ್ತು ನಿಮಿಷ. ಆ ದ್ವೀಪದ ಗಡಿಯಾರ ನಮ್ದಕ್ಕಿಂತ ಒಂದು ಗಂಟೆ ಮುಂದೆ, ಅಷ್ಟೆ."

ನಲವತ್ತು ನಿಮಿಷ ನೀನು ಕ್ಷೌರದಂಗಡಿಯಲ್ಲೇ ಕೂರುತ್ತೀಯ. ಆಗ ಅಕ್ಕನಿಗೆ ಇನ್ನೂ ಕಣ್ಣು ಕಾಣುತ್ತಿತ್ತು.

ಬೈಯುವುದಿದ್ದರೆ ಅಲ್ಲಿಗೆ ಬಂದು ಬೈ, ಆದರೆ ಬಾ. ಗ್ಯಾಸ್ ಆಫ್ ಆಗಿದೆಯೇ ಎಂದು ನಾನು ಮೂರು ಸಲ ನೋಡಿದ್ದೇನೆ, ನೀನೂ ಒಂದು ಸಲ ನೋಡಿಬಿಡು.

ಅಕ್ಕ ಈಗ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾಳಂತೆ. ನಿನ್ನದು ಮಾತು ಕಡಿಮೆ. ಎಂದಿನಂತೆ ಹೊಸ್ತಿಲಲ್ಲಿ ಸುಮ್ಮನೆ ನಗುತ್ತಾ ನಿಂತುಬಿಡಬೇಡ. ಒಳಗೆ ಕಾಲಿಡುವ ಮೊದಲೇ ಅವಳನ್ನು ಕೂಗು.