ಎರಡನೆಯ ಬಿಲ್ಲೆ

೬ ಜೂನ್ ೧೯೬೬, ಸೋಮವಾರ

ಜಯನಗರಕ್ಕೆ ಕಾರ್ಡ್ ಮೆಷಿನ್ ತಂದವನು ನಾನು. ಬಿಚ್ಚಿದ ಮೆಷಿನ್ನನ್ನು ಜೋಡಿಸಲಾಗದೆ ಇಂಗ್ಲೆಂಡಿನ ಇಂಜಿನಿಯರು ತಲೆ ಮೇಲೆ ಕೈ ಹೊತ್ತಾಗ ಹೇಳಿಕೊಟ್ಟವನೂ ನಾನೇ. ಓದಿದ್ದು ನಾಲ್ಕನೇ ಕ್ಲಾಸು, ಕೋಣನಕುಂಟೆ ಸ್ಕೂಲು. ಸಾಕು ಇಷ್ಟಕ್ಕೆ.

ಇವತ್ತೂ ಅದೇ ಜಗಳ. ನಮ್ಮ ಸಹಕಾರ ಸೊಸೈಟಿಯಲ್ಲಿ ಠೇವಣಿ ಇಟ್ಟವರಿಗೆಲ್ಲ ಒಂದೊಂದು ತೂತಿನ ಕಾರ್ಡು, ಅವರ ಲೆಕ್ಕವೆಲ್ಲ ಆ ತೂತುಗಳಲ್ಲೇ. ಎಲ್ಲ ಒಂದೇ ಡ್ರಾಯರಿನಲ್ಲಿ. ಅದಕ್ಕೊಂದು ಹಿತ್ತಾಳೆ ಬಿಲ್ಲೆ. ಬಿಲ್ಲೆ ತಂದವರಿಗೆ ಮಾತ್ರ ನಾನು ಡ್ರಾಯರ್ ಕೊಡಬೇಕು. ಡ್ರಾಯರು, ಬಿಲ್ಲೆ ಎರಡೂ ನನಗೆ ವಾಪಸು ಬರುವ ತನಕ ಇನ್ನೊಬ್ಬರು ಮುಟ್ಟುವಂತಿಲ್ಲ. ಬಡ್ಡಿ ಬರೆಯುವ ಅನಂತರಾಮು ಬೆಳಗಿನಿಂದ ಬಿಟ್ಟಿರಲಿಲ್ಲ. ಹಣ ಕೊಡುವ ಕೌಂಟರಿನ ವಾರಿಜಾ ಬಂದೇಬಿಟ್ಟಳು.

“ಡ್ರಾಯರ್ ಮೇಲೆ ಕಾವಿಗೆ ಕೂತಿದೀರೇನ್ರೀ?”

“ಮರಿ ಆದ್ಮೇಲೆ ಕೊಡ್ತೀನಿ, ಇರಿ ಮೇಡಂ.”

ಸಂಜೆ ಮೆಷಿನ್ನು ಕಾರ್ಡುಗಳ ಇಡೀ ಕಟ್ಟಿನ ನಕಲು ತೆಗೆಯುತ್ತದೆ. ಇಲ್ಲಿ ಬೆಂಕಿ ಬಿದ್ದರೆ ಅಲ್ಲಿರಲಿ ಎಂದು ನಕಲನ್ನು ಡಬ್ಬಕ್ಕೆ ತುಂಬಿ ಹನುಮಂತನಗರದ ರೂಮಿಗೆ ಸೈಕಲ್ ತುಳಿಯುವವನು ನಾನು. ಅಲ್ಲಿ ಪರಮಶಿವಯ್ಯ ಬಿಲ್ಲೆ ನೋಡಿ ಡಬ್ಬವನ್ನು ಬೀರುವಿಗೆ ಹಾಕುತ್ತಾನೆ.

ಅಕ್ಕ ನಾರಾಯಣಮ್ಮನ ದುಡ್ಡೂ ನನ್ನ ಹೆಸರಿನ ಕಾರ್ಡಿನಲ್ಲೇ ಇದೆ. ಹೊಲ, ಮನೆ ಎರಡೂ ಬಡಾವಣೆಗೆ ಹೋದವಲ್ಲ, ಅದರ ಪರಿಹಾರ. ಯಾರದೋ ಕೊಟ್ಟಿಗೆಯಲ್ಲಿ ಮಲಗುತ್ತಾಳೆ. ತಿಂಗಳ ಕೊನೆಗೆ ಸೈಟಿಗೆ ದುಡ್ಡು ಕಟ್ಟಿದರೆ ಸೂರು. ಇಲ್ಲದಿದ್ದರೆ ಇಲ್ಲ.

೯ ಜೂನ್

ಯಡಿಯೂರಿನ ಕಂಚುಗಾರನ ಹತ್ತಿರ ಇನ್ನೊಂದು ಬಿಲ್ಲೆ ಎರಕ ಹೊಯ್ಯಿಸಿದೆ. ಅಂಚಿನ ಕಚ್ಚು ಕೂಡ ಹಾಗೇ! ನಕಲು ಕಟ್ಟನ್ನು ಬೇರೊಂದು ಡ್ರಾಯರಿಗೆ ತುಂಬಿದೆ. ಈಗ ಅನಂತರಾಮುವಿಗೊಂದು, ವಾರಿಜಾಳಿಗೊಂದು. ಜಗಳವೇ ಇಲ್ಲ. ವಾರಿಜಾ ಕೋಡುಬಳೆ ತಂದುಕೊಟ್ಟಳು. ದಿವಾನನಾಗಬೇಕಿದ್ದವನು ನಾನು.

ಸಂಜೆ ಕೈಗೆ ಸಿಕ್ಕಿದ ಕಟ್ಟಿನಿಂದ ನಕಲು ತೆಗೆಸಿದೆ. ಯಾವುದಾದರೇನು… ಎರಡೂ ಒಂದೇ ತಾನೆ.

೧೭ ಜೂನ್, ಸಂಜೆ ೬

ಹನುಮಂತನಗರದ ರೂಮಿನ ಬಾಗಿಲಲ್ಲೇ ಪರಮಶಿವಯ್ಯ ತಡೆದ. “ಮತ್ತೆ ಯಾಕ್ ಬಂದ್ರಿ? ಈಗ ತಾನೆ ಡಬ್ಬ ಕೊಟ್ಟು ಹೋದ್ರಲ್ಲ.”

“ಯಾರು?”

“ನೀವೇ ಕಣ್ರೀ. ಬಿಲ್ಲೆ ತೋರ್ಸಿ, ನಮಸ್ಕಾರ ಹೇಳಿ ಹೋದ್ರಿ.”

ಜನ್ಮದಲ್ಲಿ ಅವನಿಗೆ ನಮಸ್ಕಾರ ಹೇಳಿದವನಲ್ಲ ನಾನು. ಬೀರು ತೆಗೆಸಿ ನೋಡಿದೆ. ಡಬ್ಬ ಇತ್ತು. ದಾರಕ್ಕೆ ನಾನು ಹಾಕುವ ಗಂಟೇ. ನನ್ನ ಡಬ್ಬ ನನ್ನ ಕೈಯಲ್ಲೇ ಇತ್ತು. ಬಿಲ್ಲೆಗಳು ಎರಡೂ ಸೊಂಟದ ಸಂಚಿಯಲ್ಲಿ.

“ಪರೀಕ್ಷೆ ಮಾಡಿದೆ ನಿನ್ನ” ಎಂದು ನಕ್ಕು ಬಂದೆ. ಸೈಕಲ್ಲಿನ ಸೀಟು ಬೆಚ್ಚಗಿತ್ತು. ಈಗಷ್ಟೇ ಯಾರೋ ಇಳಿದ ಹಾಗೆ.

೨೭ ಜೂನ್

ಅಕ್ಕನ ದುಡ್ಡು ತೆಗೆಯಲು ಕೌಂಟರಿಗೆ ಹೋದೆ.

“ತಮಾಷೆ ಮಾಡ್ತೀರಾ ತಿಮ್ಮರಾಯಪ್ಪನೋರೆ?” ಎಂದಳು ವಾರಿಜಾ. “ಶನಿವಾರ ತಾನೆ ಪೂರ್ತಿ ತಗೊಂಡ್ರಿ. ಎಣಿಸ್ಲೂ ಇಲ್ಲ.”

ಶನಿವಾರ ಜ್ವರ ಎಂದು ಮನೆಯಲ್ಲಿ ಮಲಗಿದ್ದೆ. ರುಜು ತೋರಿಸಿದಳು. ನನ್ನದೇ. ನನ್ನದಕ್ಕಿಂತ ಚೆನ್ನಾಗಿತ್ತು.

ಅನಂತರಾಮು ತನ್ನ ಡ್ರಾಯರ್ ತಂದ. ಅವನ ಕಟ್ಟಿನ ನನ್ನ ಕಾರ್ಡಿನಲ್ಲಿ ದುಡ್ಡು ಹಾಗೇ ಇದೆ. ವಾರಿಜಾಳ ಕಟ್ಟಿನಲ್ಲಿ ಸೊನ್ನೆ.

“ಅಸಲು ಯಾವ್ದು ಹೇಳ್ಬಿಡಿ, ಅದೇ ಲೆಕ್ಕ” ಎಂದ.

ಎರಡನ್ನೂ ತಿರುವಿ ನೋಡಿದೆ. ಬೆಳಕಿಗೆ ಹಿಡಿದೆ. ಮೂಸಿ ಕೂಡ ನೋಡಿದೆ. ಮೂರು ವಾರ ಅದಲುಬದಲು ಮಾಡಿದವನು ನಾನೇ… ಗೊತ್ತಾಗಲಿಲ್ಲ.

“ನೀವೇ ಅಲ್ವಾ ಇಡೋರು?” ಎಂದಳು ವಾರಿಜಾ. ಅವಳು ನೋಡುತ್ತಿದ್ದದ್ದು ಕಾರ್ಡನ್ನಲ್ಲ. ನನ್ನ ಮುಖವನ್ನು.

೩೦ ಜೂನ್

ಕೋಣನಕುಂಟೆಗೆ ಹೋದೆ. ಕೊಟ್ಟಿಗೆಯ ಮುಂದೆ ಅಕ್ಕ ಹುಲ್ಲು ಕಟ್ಟುತ್ತಿದ್ದಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಹೋದ ಮಾತು ಹೇಳಿದೆ. ಆಫೀಸಿನಲ್ಲಿ ಸಣ್ಣ ಎಡವಟ್ಟು, ಇನ್ನೂರು ರೂಪಾಯಿ ಹೋಯಿತು, ಮಿಕ್ಕಿದ್ದು ಭದ್ರ.

ಅಕ್ಕ ಹುಲ್ಲು ಕೆಳಗಿಟ್ಟಳು.

“ಇದೇನ್ಲಾ ತಿಮ್ಮ? ಎಲ್ಲಾ ಹೋಯ್ತು ಅಂತ ನಿನ್ನೆ ತಾನೆ ಬಂದು ಹೇಳ್ದೆ. ಕಾಲ್ ಹಿಡ್ಕಂಡು ಅತ್ತೆ. ಒಂದ್ ಜಂಬದ ಮಾತಿಲ್ಲ. ಕೊನೇಗೂ ಮನುಷ್ಯ ಆದ್ನಲ್ಲ ನನ್ ತಮ್ಮ ಅಂದ್ಕಂಡೆ. ಈಗ ನೋಡಿದ್ರೆ ಇನ್ನೂರು ಅಂತ ಬಂದಿದೀಯ.”

“ಅವನು ನಾನಲ್ಲ ಅಕ್ಕ.”

ಹತ್ತಿರ ಬಂದು ಮುಖ ನೋಡಿದಳು. “ಹಂಗಾರೆ ನೀನು ಯಾರು?”

ಸೈಟು ಹೋಯಿತು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈ ಡೈರಿಯಲ್ಲಿ ಯಾರಿದ್ದಾರೆ ಕೇಳುವುದಕ್ಕೆ. ಇನ್ನೂರಲ್ಲ. ಮೂರು ಸಾವಿರದ ನೂರ ನಲವತ್ತು. ಅದರಲ್ಲಿ ನನ್ನದು ಒಂದು ಕಾಸೂ ಇಲ್ಲ, ಅಷ್ಟೂ ಅಕ್ಕನದು.